ದಾರಿ ಕಡಿದುಹೋದ ಕಾಫಿ ಬಂದರು

ಕೆರಿಬಿಯನ್ ಕಡಲಿನ ಹೈಟಿ ದೇಶದ ದಕ್ಷಿಣ ದಂಡೆಯಲ್ಲಿ ಜಾಕ್‌ಮೆಲ್ ಎಂಬ ಹಳೆಯ ಬಂದರು ಊರಿದೆ. ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನಿಂದ ಭೂಪಟದ ಮೇಲೆ ನೇರ ಗೆರೆ ಎಳೆದರೆ 40 ಕಿಲೋಮೀಟರ್ ಆಸುಪಾಸು; ಬೆಟ್ಟಗಳನ್ನು ಬಳಸಿ ಸಾಗುವ ರಸ್ತೆಯಲ್ಲಿ ಅದರ ಇಮ್ಮಡಿ. ಅಲ್ಲಿನ ಹಳೆಯ ಪೇಟೆ ಎಷ್ಟು ಚಿಕ್ಕದೆಂದರೆ ಬೆಳಗಿನ ಕಾಫಿ ಕುಡಿದು ಹೊರಟವರು ಮಧ್ಯಾಹ್ನದ ಬಿಸಿಲೇರುವ ಮುನ್ನ ಅದರ ಉದ್ದಗಲವನ್ನು ನಡೆದೇ ಸುತ್ತಬಹುದು. ನಡೆಯದೆ ನೋಡುವ ಊರೂ ಅದಲ್ಲ: ಬೀದಿಗಳು ಕಡಿದಾದ ಇಳಿಜಾರಿನಲ್ಲಿವೆ, ಕೆಲವೆಡೆ ಬೀದಿ ಮುಗಿದು ಮೆಟ್ಟಿಲು ಶುರುವಾಗುತ್ತದೆ, ಊರಿನ ಕಸುಬುಗಳೆಲ್ಲ ಬಾಗಿಲಾಚೆ ಜಗಲಿಯ ಮೇಲೆ ನಡೆಯುತ್ತವೆ. ಇಂಥ ಊರಿಗೆ ಹೋಗುವ ಮುಖ್ಯ ರಸ್ತೆ 2021ರ ಜೂನ್‌ನಿಂದ ಶಸ್ತ್ರಸಜ್ಜಿತ ಗುಂಪುಗಳ ಹಿಡಿತದಲ್ಲಿದೆ. ಹೈಟಿ ಎಂದೊಡನೆ ನಮ್ಮ ಪತ್ರಿಕೆಗಳ ವಿದೇಶ ಪುಟಕ್ಕೆ ಬರುವುದು ಭೂಕಂಪ, ಅಪಹರಣ, ಗುಂಡಿನ ಕಾಳಗ. ಅವು ಸುಳ್ಳಲ್ಲ. ಆದರೆ ಒಂದು ದೇಶದ ಎಲ್ಲ ಊರುಗಳನ್ನೂ ಒಂದೇ ಸುದ್ದಿಯಲ್ಲಿ ಅದ್ದಿ ತೆಗೆದರೆ, ಯಾವ ಊರಿಗೆ ಯಾವ ಕಾರಣದಿಂದ ಏನಾಯಿತು ಎಂಬುದು ಕಾಣದಂತಾಗುತ್ತದೆ. ಜಾಕ್‌ಮೆಲ್‌ನ ಕಥೆಯಲ್ಲಿ ಆ ಕಾರಣಗಳು ಬಿಡಿಬಿಡಿಯಾಗಿ ಕಾಣುವಷ್ಟು ಸ್ಪಷ್ಟವಾಗಿವೆ.

ಮೇಲಿನ ಪೇಟೆಯಿಂದ ಕಡಲಿನ ತನಕ

ನಡಿಗೆಯನ್ನು ಮೇಲಿನಿಂದ ಆರಂಭಿಸುವುದು ಲೇಸು. ಬೆಲ್ ಏರ್ ಎಂಬ ಎತ್ತರದ ಬಡಾವಣೆಯಲ್ಲಿ ಪ್ಲಾಸ್ ದಾರ್ಮ್ ಎಂಬ ಚೌಕವಿದೆ. ಅದರ ಸುತ್ತ ಊರಿನ ಸಾರ್ವಜನಿಕ ಬದುಕೆಲ್ಲ ಬಂದು ಸೇರುತ್ತದೆ. ಸಮೀಪದಲ್ಲೇ 19ನೇ ಶತಮಾನದ ಮಧ್ಯಭಾಗದ ಕೆಥೆಡ್ರಲ್. ಅದರ ಆಚೆಗೆ 1895ರಲ್ಲಿ ಎದ್ದ ಕಬ್ಬಿಣದ ಮಾರುಕಟ್ಟೆ. ಮಾರುಕಟ್ಟೆಯ ಕಂಬಗಳ ನಡುವಿನ ಜಾಗ ಸಾಲದೆ ವ್ಯಾಪಾರ ಸುತ್ತಲ ಬೀದಿಗಳಿಗೆ ಚೆಲ್ಲಿಕೊಂಡಿರುತ್ತದೆ. ಬಾಳೆ, ಮರಗೆಣಸು, ದೀವಿಹಲಸು, ಒಣಮೀನು, ಇದ್ದಿಲಿನ ಮೂಟೆ, ಅಮೆರಿಕದಿಂದ ಬಂದ ಹಳೆ ಬಟ್ಟೆಯ ಗುಡ್ಡೆ. ಮಾರುವವರಲ್ಲಿ ಬಹುಪಾಲು ಹೆಂಗಸರು. ಹಳ್ಳಿಯ ಬೆಳೆಯನ್ನು ಪಟ್ಟಣಕ್ಕೂ ಪಟ್ಟಣದ ಸರಕನ್ನು ಹಳ್ಳಿಗೂ ಹೊತ್ತೊಯ್ಯುವ ಈ ಸಗಟು ವ್ಯಾಪಾರದ ಹೆಂಗಸರನ್ನು ಅಲ್ಲಿ ಮದಾನ್ ಸಾರಾ ಎನ್ನುತ್ತಾರೆ. ಹೈಟಿಯ ಹೊಟ್ಟೆ ತುಂಬಿಸುವ ವ್ಯವಸ್ಥೆ ಯಾವುದೆಂದು ಕೇಳಿದರೆ ಯಾವ ಇಲಾಖೆಗಿಂತಲೂ ಮೊದಲು ಇವರ ಕಡೆಗೆ ಬೆರಳು ತೋರಬೇಕು.

ಹೊಸಬರು ಇಲ್ಲಿ ಮೊದಲು ಎಡವುವುದು ಲೆಕ್ಕದಲ್ಲಿ. ದೇಶದ ಹಣ ಗೂರ್ಡ್. ಆದರೆ ಬೆಲೆ ಹೇಳುವುದು ಎಷ್ಟೋ ಸಲ ಡಾಲರಿನಲ್ಲಿ. ಅದು ಅಮೆರಿಕದ ಡಾಲರ್ ಅಲ್ಲ, ಹೈಟಿ ಡಾಲರ್. ಅಂಥದೊಂದು ನೋಟು ಎಲ್ಲೂ ಇಲ್ಲ. 20ನೇ ಶತಮಾನದ ಬಹುಭಾಗ ಐದು ಗೂರ್ಡಿಗೆ ಒಂದು ಅಮೆರಿಕನ್ ಡಾಲರ್ ಎಂಬ ಬಿಗಿದ ದರವಿತ್ತು. ದರ 1989ರ ಹೊತ್ತಿಗೆ ಸಡಿಲಗೊಂಡು, ಈಗ ಒಂದು ಡಾಲರಿಗೆ ನೂರಕ್ಕೂ ಹೆಚ್ಚು ಗೂರ್ಡ್ ತೆರಬೇಕಾಗಿದೆ. ಆದರೂ ಸಂತೆಯ ಬಾಯಿಲೆಕ್ಕದಲ್ಲಿ ಐದಕ್ಕೊಂದು ಉಳಿದುಕೊಂಡಿದೆ. ಕುಸಿದ ನಾಣ್ಯದ ಚರಿತ್ರೆಯನ್ನು ಟೊಮೆಟೊ ಕೊಳ್ಳುವಾಗ ಕಲಿಯಬೇಕಾದ ಊರು ಅದು.

ಚೌಕದಿಂದ ಕೆಳಗಿಳಿದರೆ ರ್ಯೂ ದ್ಯು ಕಾಮರ್ಸ್, ಅಂದರೆ ಹಳೆಯ ವಾಣಿಜ್ಯ ಬೀದಿ. ಪ್ರವಾಸಿಗಳು ಜಾಕ್‌ಮೆಲ್ ಎಂದು ನೆನಪಿನಲ್ಲಿ ಒಯ್ಯುವ ಚಿತ್ರವೆಲ್ಲ ಇಲ್ಲಿಯದು. ಕೆಳಗೆ ದಪ್ಪ ಗೋಡೆಯ ಗೋದಾಮು, ಭಾರದ ಕಬ್ಬಿಣದ ಬಾಗಿಲು. ಮೇಲೆ ವ್ಯಾಪಾರಿಯ ಮನೆ. ಬೀದಿಯ ಕಡೆಗೆ ಚಾಚಿಕೊಂಡ ಮೊಗಸಾಲೆಗೆ ಆಧಾರವಾಗಿ ತೆಳುವಾದ ಎರಕದ ಕಂಬಗಳ ಸಾಲು. ಕಂಬ, ಕಟಕಟೆ, ಬಾಗಿಲುಗಳೆಲ್ಲ ಯುರೋಪಿನ ಎರಕದ ಮನೆಗಳಿಂದ ಬಿಡಿಭಾಗಗಳಾಗಿ ಹಡಗೇರಿ ಬಂದಂಥವು. ಸುಣ್ಣ ಕಳಚಿದ ಕಡೆ ಇಟ್ಟಿಗೆ ಕಾಣುತ್ತದೆ, ಬಣ್ಣ ಮಾಸಿದ ಕಡೆ ತುಕ್ಕು. 1888ರ ವ್ಯಾಪಾರಿ ಮನೆಯೊಂದು ಹೋಟೆಲಾಗಿದೆ. ಹಲವು ಗೋದಾಮುಗಳು ಕುಶಲಕರ್ಮಿಗಳ ಅಂಗಡಿಗಳಾಗಿವೆ. ಇನ್ನು ಕೆಲವಕ್ಕೆ ಬೀಗ ಬಿದ್ದಿದೆ. ಅಲ್ಲಿಂದ ಕೆಲವೇ ಹೆಜ್ಜೆಗೆ ಕಡಲು. 2010ರ ಭೂಕಂಪದ ಬಳಿಕ ದಂಡೆಯುದ್ದಕ್ಕೂ ಕಟ್ಟಿದ ಕಾಲುಹಾದಿಯ ಗೋಡೆಗಳ ಮೇಲೆ ಸ್ಥಳೀಯರು ಒಡೆದ ಹೆಂಚಿನ ಚೂರುಗಳನ್ನು ಜೋಡಿಸಿ ಮೀನು, ಮುಖ, ಹೂವುಗಳನ್ನು ಮಾಡಿದ್ದಾರೆ. ಸಂಜೆ ಊರೇ ಅಲ್ಲಿಗೆ ಇಳಿದು ಬರುತ್ತದೆ.

ಈ ಬೀದಿಗಳ ಬಗ್ಗೆ ಪ್ರವಾಸಿಗಳಿಗೆ ಒಂದು ಮಾತನ್ನು ತಪ್ಪದೆ ಹೇಳಲಾಗುತ್ತದೆ: ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪ್ರಸಿದ್ಧ ಕಬ್ಬಿಣದ ಮೊಗಸಾಲೆಗಳಿಗೆ ಜಾಕ್‌ಮೆಲ್‌ನದೇ ಮಾದರಿ ಎಂದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೈಟಿಯ ಕ್ರಾಂತಿಯಿಂದ ಚದುರಿ ಕ್ಯೂಬಾ ಸೇರಿದ್ದ ಸಾವಿರಾರು ಜನ 1809-10ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದು ಆ ನಗರದ ಜನಸಂಖ್ಯೆಯನ್ನೇ ಇಮ್ಮಡಿಗೊಳಿಸಿದರು. ಅಡುಗೆ, ಆರಾಧನೆ, ಮನೆ ಕಟ್ಟುವ ರೀತಿಯೆಲ್ಲ ಅವರೊಂದಿಗೆ ಸಾಗಿರಬಹುದು. ಆದರೆ ಜಾಕ್‌ಮೆಲ್ 1896ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂದು ನಿಂತಿರುವ ಮನೆಗಳಲ್ಲಿ ಹೆಚ್ಚಿನವು ಆ ಬೆಂಕಿಯ ನಂತರ, ಮರವನ್ನು ನಂಬದೆ ಇಟ್ಟಿಗೆ ಕಬ್ಬಿಣದಲ್ಲಿ ಕಟ್ಟಿದವು. ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್‌ನ ಕಟಕಟೆಗಳು ಹಳೆಯವಾಗಿದ್ದವು. ಪ್ರಭಾವ ಎರಡೂ ಕಡೆಗೆ ಹರಿದಿತ್ತು ಎನ್ನುವುದೇ ಸತ್ಯಕ್ಕೆ ಹತ್ತಿರ. ಊರು ತನ್ನ ಹಿರಿಮೆಗೆ ಈ ಕಥೆಯನ್ನು ಆತುಕೊಳ್ಳಬೇಕಾದ ಅಗತ್ಯವೂ ಇಲ್ಲ.

ಕಾಫಿ ಕಟ್ಟಿದ ಮನೆ, ಕಾಫಿ ತೀರಿಸಿದ ಸಾಲ

ಫ್ರೆಂಚರು ಜಾಕ್‌ಮೆಲ್ಲನ್ನು ಸ್ಥಾಪಿಸಿದ್ದು 1698ರಲ್ಲಿ. ಆಗ ಈ ನೆಲದ ಹೆಸರು ಸಾಂ ಡೊಮಾಂಗ್. ಕರಾವಳಿಯ ಬಯಲುಗಳಲ್ಲಿ ಕಬ್ಬು, ಹಿಂದಿನ ಬೆಟ್ಟಗಳಲ್ಲಿ ಕಾಫಿ. 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಅರ್ಧದಷ್ಟನ್ನು ಈ ಒಂದೇ ವಸಾಹತು ಬೆಳೆಯುತ್ತಿತ್ತು. ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು; 1789ರಲ್ಲಿ ಅವರ ಸಂಖ್ಯೆ ನಾಲ್ಕೂವರೆ ಲಕ್ಷಕ್ಕೂ ಮೇಲು. 1791ರಲ್ಲಿ ಅವರು ಎದ್ದ ದಂಗೆ 1804ರ ಜನವರಿ 1ರಂದು ಸ್ವತಂತ್ರ ಹೈಟಿಯಾಗಿ ಮುಗಿಯಿತು. ನಡುವೆ ಕ್ರಾಂತಿಕಾರಿಗಳಲ್ಲೇ ಒಡಕು ಮೂಡಿ, 1799-1800ರಲ್ಲಿ ಜಾಕ್‌ಮೆಲ್ ತಿಂಗಳುಗಟ್ಟಲೆ ಮುತ್ತಿಗೆಗೆ ಒಳಗಾಯಿತು. ಹಸಿವು ಊರನ್ನು ತಿಂದಿತು. ಕಡಲ ಕಡೆಯಿಂದ ಅಮೆರಿಕದ ಯುದ್ಧನೌಕೆಯೊಂದು ಊರಿನ ಕೋಟೆಗಳ ಮೇಲೆ ಗುಂಡು ಹಾರಿಸಿತು. ಈ ದ್ವೀಪದ ಒಳಜಗಳದಲ್ಲಿ ಅಮೆರಿಕದ ನೌಕಾಪಡೆ ಕೈಹಾಕಿದ್ದು ಅಂದಿನಿಂದ.

ಆ ಮುತ್ತಿಗೆಯಲ್ಲಿ ಊರನ್ನು ಕಾಯಲು ಮುಂದೆ ನಿಂತಿದ್ದ ಯೋಧನೇ ಮುಂದೆ ದಕ್ಷಿಣ ಹೈಟಿಯ ಅಧ್ಯಕ್ಷನಾದ. ಸ್ಪೇನ್ ವಿರುದ್ಧ ಸೋತು ಬಂದ ದಕ್ಷಿಣ ಅಮೆರಿಕದ ವಿಮೋಚಕ ಸೇನಾನಿಗೆ ಆಶ್ರಯ, ಬಂದೂಕು, ಹಡಗು ಕೊಟ್ಟವನೂ ಅವನೇ. ಪ್ರತಿಯಾಗಿ ಕೇಳಿದ್ದು ಒಂದೇ: ಗೆದ್ದ ನೆಲದಲ್ಲಿ ಗುಲಾಮರನ್ನು ಬಿಡುಗಡೆ ಮಾಡಬೇಕು. ಮೊದಲ ದಂಡಯಾತ್ರೆ ಲೇ ಕಾಯ್ ಬಂದರಿನಿಂದ ಹೊರಟು ವಿಫಲವಾಯಿತು. 1816ರ ಡಿಸೆಂಬರಿನಲ್ಲಿ ಎರಡನೆಯದು ಹೊರಟಿದ್ದು ಜಾಕ್‌ಮೆಲ್‌ನಿಂದ. ಅದಕ್ಕೂ ಹತ್ತು ವರ್ಷ ಮೊದಲು, 1806ರ ಮಾರ್ಚ್‌ನಲ್ಲಿ, ಇದೇ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಹಡಗಿನ ಮೇಲೆ ವೆನೆಜುವೆಲಾದ ತ್ರಿವರ್ಣ ಧ್ವಜ ಮೊದಲ ಬಾರಿಗೆ ಹಾರಿತ್ತು. ಕಡಲ ಹಾದಿಯಲ್ಲಿ ನಡೆಯುವವರ ಕಣ್ಣಮುಂದಿರುವ ಕೊಲ್ಲಿ ಅದೇ.

ಸ್ವಾತಂತ್ರ್ಯದ ಬೆಲೆಯನ್ನು ಹೈಟಿ ಎರಡು ಸಲ ಕೊಡಬೇಕಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಕಳೆದುಕೊಂಡ ತೋಟಗಳಿಗೂ ಗುಲಾಮರಿಗೂ ಪರಿಹಾರವಾಗಿ 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಮೊತ್ತ ಕಡಿಮೆಯಾದರೂ, ಅದನ್ನು ತೀರಿಸಲು ಮಾಡಿದ ಸಾಲ, ಸಾಲ ತೀರಿಸಲು ಮಾಡಿದ ಮತ್ತೊಂದು ಸಾಲ ಎಂದು ಆ ಸರಣಿ 1947ರ ತನಕ ಮುಂದುವರಿಯಿತು. ಸರ್ಕಾರಕ್ಕೆ ಕೈಗೆಟುಕುವ ದೊಡ್ಡ ಆದಾಯ ಎಂದರೆ ಕಾಫಿ ರಫ್ತಿನ ಸುಂಕ. ಗುಡ್ಡದ ರೈತ ಒಣಗಿಸಿದ ಬೀಜವನ್ನು ಸ್ಪೆಕಿಲಾತೆ ಎನ್ನುವ ದಲ್ಲಾಳಿಗೆ ಮಾರುತ್ತಿದ್ದ. ಅವನಿಂದ ಬಂದರಿನ ರಫ್ತು ವ್ಯಾಪಾರಿಗೆ, ಅಲ್ಲಿಂದ ಹಡಗಿಗೆ. ಪ್ರತಿ ಮೂಟೆಯ ಮೇಲಿನ ಸುಂಕದಲ್ಲಿ ದೊಡ್ಡ ಪಾಲು ಪ್ಯಾರಿಸ್ಸಿನಲ್ಲಿ ಸಾಲ ಕೊಟ್ಟವರಿಗೆ. ರ್ಯೂ ದ್ಯು ಕಾಮರ್ಸಿನ ಕಂಬಗಳನ್ನು ಮೆಚ್ಚುವಾಗ ಈ ಹಂಚಿಕೆಯನ್ನು ಮರೆಯಲಾಗದು: ವ್ಯಾಪಾರಿಗೆ ಮನೆ ಉಳಿಯಿತು, ಸಾಲಿಗರಿಗೆ ಬಡ್ಡಿ ಸಂದಿತು, ಗುಡ್ಡಕ್ಕೆ ರಸ್ತೆಯೂ ಬರಲಿಲ್ಲ, ಶಾಲೆಯೂ ಬರಲಿಲ್ಲ. ಬ್ರಿಟಿಷ್ ಅಂಚೆ ಹಡಗುಗಳು ತಪ್ಪದೆ ನಿಲ್ಲುತ್ತಿದ್ದ, ಯುರೋಪಿನಿಂದ ಬರುವವರು ದೇಶದೊಳಗೆ ಮೊದಲ ಹೆಜ್ಜೆ ಇಡುತ್ತಿದ್ದ ಬಂದರಿನ ವೈಭವ ಇಷ್ಟು ತೆಳುವಾದ ತಳಹದಿಯ ಮೇಲೆ ನಿಂತಿತ್ತು.

ಬಂದರು ಬಡವಾದ ಬಗೆ

ಜಾಕ್‌ಮೆಲ್ ಕುಸಿದದ್ದು ಒಂದೇ ಏಟಿಗಲ್ಲ. 1915ರಿಂದ 1934ರ ತನಕ ಅಮೆರಿಕ ಹೈಟಿಯನ್ನು ಸೇನೆಯಿಂದ ಆಳಿತು. ಸುಂಕ, ಖಜಾನೆ, ಸೈನ್ಯ ಎಲ್ಲವೂ ಪೋರ್ಟ್ ಔ ಪ್ರಿನ್ಸ್‌ನಲ್ಲಿ ಕೇಂದ್ರೀಕೃತವಾದವು. 1957ರಿಂದ ಮೂರು ದಶಕ ನಡೆದ ಅಪ್ಪ-ಮಗನ ಸರ್ವಾಧಿಕಾರ ಅದನ್ನೇ ಇನ್ನಷ್ಟು ಬಿಗಿಗೊಳಿಸಿತು. ಪ್ರಾಂತೀಯ ಬಂದರುಗಳಿಗೆ ಪ್ರತ್ಯೇಕ ವ್ಯಾಪಾರವಿದ್ದರೆ ಅಲ್ಲೊಂದು ಪ್ರತ್ಯೇಕ ಶಕ್ತಿಯೂ ಇರುತ್ತದೆ. ರಾಜಧಾನಿಗೆ ಅದು ಬೇಕಿರಲಿಲ್ಲ. 1963ರ ಚಂಡಮಾರುತ ದಕ್ಷಿಣ ಹೈಟಿಯಲ್ಲಿ ಸುಮಾರು 5,000 ಜನರನ್ನು ಬಲಿ ತೆಗೆದುಕೊಂಡಿತು, ಬೆಳೆಯನ್ನೂ ಕೊಚ್ಚಿತು. ಹಡಗುಗಳು ವಿರಳವಾಗುತ್ತಾ ಬಂದು ನಿಂತೇಹೋದವು. ಹಣವಿದ್ದ ಮನೆತನಗಳು ರಾಜಧಾನಿಗೆ, ಆಮೇಲೆ ಮಯಾಮಿ, ಮಾಂಟ್ರಿಯಲ್, ಪ್ಯಾರಿಸ್‌ಗೆ ಹೊರಟವು.

ಇಲ್ಲೊಂದು ವಿಪರ್ಯಾಸವಿದೆ. ಊರಿನ ಹಳೆಯ ಮನೆಗಳು ಉಳಿದದ್ದಕ್ಕೆ ಈ ಬಡತನವೇ ಮುಖ್ಯ ಕಾರಣ. ಒಡೆದು ಹೊಸದು ಕಟ್ಟುವ ದುಡ್ಡು ಯಾರ ಬಳಿಯೂ ಇರಲಿಲ್ಲ. ರಾಜಧಾನಿಯ ಹಳೆಯ ಬಡಾವಣೆಗಳು ಕಾಂಕ್ರೀಟಿಗೆ ದಾರಿ ಬಿಟ್ಟಾಗ ಜಾಕ್‌ಮೆಲ್‌ನ ಬೀದಿ ಹಾಗೆಯೇ ನಿಂತಿತು. ಅದನ್ನು ಪ್ರವಾಸಿ ಕೈಪಿಡಿಗಳು 'ಕಾಲ ನಿಂತ ಊರು' ಎಂದು ಹೊಗಳುತ್ತವೆ. ಕಾಲ ನಿಂತದ್ದು ಏಕೆ ಎಂದು ಕೇಳದವರಿಗೆ ಮಾತ್ರ ಅದು ಹೊಗಳಿಕೆಯಾಗಿ ಕೇಳಿಸೀತು.

1970ರ ದಶಕದಲ್ಲಿ ಫ್ರಾನ್ಸಿನ ನೆರವಿನಿಂದ ಬೆಟ್ಟ ಸೀಳಿ ಡಾಂಬರು ರಸ್ತೆ ಬಂತು. ಅದಕ್ಕೂ ಮೊದಲು ರಾಜಧಾನಿಗೆ ಹೋಗುವವರು ಕಣಿವೆಯ ಹೊಳೆಯನ್ನು ಹತ್ತಾರು ಬಾರಿ ದಾಟುತ್ತಾ ಸಾಗಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಮೈತ್ರಿ ರಸ್ತೆ ಎಂದು ಹೆಸರಾದ ಈ ದಾರಿ ಊರಿಗೆ ಎರಡನೆಯ ಜೀವ ಕೊಟ್ಟಿತು. ವಾರಾಂತ್ಯಕ್ಕೆ ರಾಜಧಾನಿಯ ಜನ, ಕಡಲ ದಂಡೆಗೆ ವಿದೇಶಿಯರು, ಕಾರ್ನಿವಲ್‌ಗೆ ಇಬ್ಬರೂ. ಆದರೆ ಬಂದರು ಕಳೆದುಕೊಂಡ ಊರು ಈಗ ಒಂದೇ ರಸ್ತೆಗೆ ಜೋತುಬಿದ್ದಿತ್ತು. ಆ ರಸ್ತೆ ರಾಜಧಾನಿಯ ಮೂಲಕವೇ ಹಾದುಹೋಗುತ್ತಿತ್ತು.

ಸಿಮೆಂಟ್ ಚೀಲದ ಕಾಗದ

ಹೊರಗಿನ ಜನರನ್ನು ಊರಿಗೆ ಎಳೆದ ಮುಖ್ಯ ಆಕರ್ಷಣೆ ಕಟ್ಟಡಗಳಲ್ಲ, ಮುಖವಾಡಗಳು. ಕಾರ್ನಿವಲ್‌ಗೆ ಮುಂಚಿನ ವಾರಗಳಲ್ಲಿ ಬೀದಿಗಳಲ್ಲಿ ನಡೆದರೆ ತಯಾರಿಕೆಯನ್ನು ಹಂತ ಹಂತವಾಗಿ ನೋಡಬಹುದು. ಮೊದಲು ಜೇಡಿಮಣ್ಣಿನಲ್ಲಿ ಆಕಾರ ಮಾಡಿ ಒಣಗಿಸುತ್ತಾರೆ. ಸಿಮೆಂಟ್ ಚೀಲದ ಕಂದು ಕಾಗದವನ್ನು ಹರಿದು, ಮರಗೆಣಸಿನ ಹಿಟ್ಟಿನ ಗಂಜಿಯಲ್ಲಿ ಅದ್ದಿ, ಪದರದ ಮೇಲೆ ಪದರವಾಗಿ ಅಂಟಿಸುತ್ತಾರೆ. ಒಣಗಿದ ಮೇಲೆ ಮಣ್ಣಿನಿಂದ ಬಿಡಿಸಿ, ಅಂಚು ಕತ್ತರಿಸಿ, ಬಿಳಿ ಬಳಿದು, ಅದರ ಮೇಲೆ ಬಣ್ಣ. ಹುಲಿ, ಜೀಬ್ರಾ, ಗಿಳಿ, ರಾಕ್ಷಸ, ಮಂತ್ರಿ, ಹೀಗೆ ಎಲ್ಲರೂ ಒಂದೇ ಗೋಡೆಗೆ ಒರಗಿ ಒಣಗುತ್ತಿರುತ್ತಾರೆ. ಹೈಟಿಯ ಕಾಡಿನಲ್ಲಿ ಹುಲಿಯೂ ಇಲ್ಲ ಜೀಬ್ರಾವೂ ಇಲ್ಲ ಎಂಬುದು ಯಾರಿಗೂ ಅಡ್ಡಿಯಾಗಿಲ್ಲ.

ರಾಷ್ಟ್ರೀಯ ಕಾರ್ನಿವಲ್‌ಗಿಂತ ಒಂದು ವಾರ ಮುಂಚಿತವಾಗಿ, ಭಾನುವಾರ, ಜಾಕ್‌ಮೆಲ್ ತನ್ನದನ್ನು ನಡೆಸುತ್ತದೆ. ರಾಜಧಾನಿಯಲ್ಲಿ ಧ್ವನಿವರ್ಧಕ ಹೊತ್ತ ಲಾರಿಗಳ ಮೆರವಣಿಗೆಯೇ ಪ್ರಧಾನ. ಇಲ್ಲಿ ನಡೆಯುವ ವೇಷಗಳು. ಇದ್ದಿಲು ಮತ್ತು ಕಬ್ಬಿನ ಪಾಕವನ್ನು ಮೈಗೆಲ್ಲ ಬಳಿದುಕೊಂಡು, ಹಗ್ಗ ಹಿಡಿದು ಜನರನ್ನು ಅಟ್ಟಾಡಿಸುವ ಯುವಕರ ಗುಂಪು ಲಾನ್ಸೆಟ್ ಕೋಡ್. ಗುಲಾಮಗಿರಿಯ ನೆನಪನ್ನು ಭಯವಾಗಿಯೂ ಆಟವಾಗಿಯೂ ಬೀದಿಗೆ ತರುವ ವೇಷ ಅದು. ಇನ್ನೊಂದು ಚಾಲೋಸ್ಕಾ: ಸೇನಾ ಸಮವಸ್ತ್ರ, ಉಬ್ಬಿದ ಕೆಂಪು ತುಟಿ, ಕೋರೆಹಲ್ಲು. 1915ರ ಜುಲೈನಲ್ಲಿ ರಾಜಧಾನಿಯ ಸೆರೆಮನೆಯಲ್ಲಿ ರಾಜಕೀಯ ಕೈದಿಗಳನ್ನು ಕೊಲ್ಲಿಸಿದ ಸೇನಾಧಿಕಾರಿಯ ಅಣಕ ಅದು. ಆ ಕೊಲೆಗಳಿಂದ ಕೆರಳಿದ ಜನ ಅಧ್ಯಕ್ಷನನ್ನೇ ಕೊಂದರು. ಅದೇ ದಿನ ಅಮೆರಿಕದ ಸೈನ್ಯ ಇಳಿಯಿತು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಮುಗಿಯುವ ಘಟನೆ ಇಲ್ಲಿ ವರ್ಷಕ್ಕೊಮ್ಮೆ ಮಕ್ಕಳನ್ನು ಬೆದರಿಸುತ್ತದೆ. ಇದೇ ಊರಿನಲ್ಲಿ ಹುಟ್ಟಿದ ಬರಹಗಾರರೊಬ್ಬರು ಈ ಕಾರ್ನಿವಲ್ ಹಿನ್ನೆಲೆಯಲ್ಲಿ ಬರೆದ ಕಾದಂಬರಿಗೆ 1988ರಲ್ಲಿ ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿಯೊಂದು ಬಂತು. ಹತ್ತಿರದಲ್ಲೇ ಹುಟ್ಟಿದ ಚಿತ್ರಕಾರರೊಬ್ಬರು ಬೆಟ್ಟದ ಮೇಲೆ ಬೆಟ್ಟ, ಬೀದಿಯ ಮೇಲೆ ಬೀದಿ ಏರುವ ಕಲ್ಪಿತ ನಗರಗಳಿಂದ ಜಗತ್ತಿನ ಗಮನ ಸೆಳೆದರು. ಇಳಿಜಾರಿನ ಈ ಊರನ್ನು ನಡೆದವರಿಗೆ ಆ ಚಿತ್ರಗಳು ಅಷ್ಟೇನೂ ಕಲ್ಪಿತವೆನಿಸಲಾರವು. ವಿಶ್ವಸಂಸ್ಥೆಯ ಸಂಸ್ಕೃತಿ ವಿಭಾಗ 2014ರಲ್ಲಿ ಜಾಕ್‌ಮೆಲ್ಲನ್ನು ಕರಕುಶಲ ಮತ್ತು ಜನಪದ ಕಲೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ವಿಶ್ವ ಪರಂಪರೆಯ ತಾಣಕ್ಕಾಗಿ ಹಳೆಯ ಪೇಟೆ ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2004ರಲ್ಲಿ. ಆ ಕಡತ ಅಲ್ಲಿಯೇ ಉಳಿದಿದೆ.

ಬಂದ ಹೊರಗಿನವರು, ಅವರು ಬಿಟ್ಟುಹೋದದ್ದು

ವಿದೇಶಿ ಪ್ರವಾಸಿ ಈ ದೇಶಕ್ಕೆ ಹೊಸಬನಲ್ಲ. 1949-50ರ ಅಂತರರಾಷ್ಟ್ರೀಯ ಪ್ರದರ್ಶನದ ಬಳಿಕ ಹೈಟಿ ಕೆರಿಬಿಯನ್ನಿನ ಬೇಡಿಕೆಯ ತಾಣವಾಗಿತ್ತು. 1983ರಲ್ಲಿ ಅಮೆರಿಕದ ಆರೋಗ್ಯಾಧಿಕಾರಿಗಳು ಏಡ್ಸ್ ಅಪಾಯದ ಗುಂಪುಗಳಲ್ಲಿ ಹೈಟಿ ಜನರನ್ನೂ ಸೇರಿಸಿದರು. 1985ರಲ್ಲಿ ಅದನ್ನು ಕೈಬಿಡುವಷ್ಟರಲ್ಲಿ ಹೋಟೆಲುಗಳು ಖಾಲಿಯಾಗಿದ್ದವು. ಸರ್ವಾಧಿಕಾರದ ಪತನ, ಸೇನಾ ದಂಗೆ, ವ್ಯಾಪಾರ ದಿಗ್ಬಂಧನಗಳು ಉಳಿದುದನ್ನು ಮುಗಿಸಿದವು. 1986ರಿಂದ ಉತ್ತರ ಕರಾವಳಿಯ ಲಬಾದಿಯಲ್ಲಿ ಬೇರೊಂದು ಮಾದರಿ ಬೆಳೆಯಿತು: ವಿಲಾಸಿ ಹಡಗಿನಿಂದ ಇಳಿದವರು ಬೇಲಿಯೊಳಗಿನ ದಂಡೆಯಲ್ಲಿ ದಿನ ಕಳೆದು, ಪಕ್ಕದ ಹಳ್ಳಿಯನ್ನೂ ನೋಡದೆ ಹಡಗೇರುವುದು. ಕೆಲ ಕಾಲ ಜಾಹೀರಾತುಗಳಲ್ಲಿ ಹೈಟಿಯ ಹೆಸರೇ ಇರಲಿಲ್ಲ. ಅದರಿಂದ ಖಜಾನೆಗೆ ತಲೆಗಿಷ್ಟೆಂದು ತೆರಿಗೆ ಬಂತು, ಸುತ್ತಲಿನವರಿಗೆ ಕೆಲಸವೂ ಸಿಕ್ಕಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿ ದೇಶವೆಂಬುದು ಹಿನ್ನೆಲೆಯ ಪರದೆ ಮಾತ್ರವಾಗಿತ್ತು.

ಜಾಕ್‌ಮೆಲ್ ಇದಕ್ಕೆ ತದ್ವಿರುದ್ಧ ಮಾದರಿ. ಇಲ್ಲಿ ಬೇಲಿಯಿಲ್ಲ. ಪ್ರವಾಸಿ ಬೀದಿಯಲ್ಲೇ ನಡೆಯಬೇಕು, ಮೋಟಾರ್‌ಸೈಕಲ್ ಟ್ಯಾಕ್ಸಿಯವರೊಡನೆ ಚೌಕಾಸಿ ಮಾಡಬೇಕು, ಬಾಣಲೆಯಿಂದ ಎತ್ತಿಕೊಟ್ಟ ಬಾಳೆಕಾಯಿ ಬಿಲ್ಲೆಯನ್ನು ಖಾರದ ಕೋಸಿನ ಉಪ್ಪಿನಕಾಯಿಯೊಡನೆ ನಿಂತೇ ತಿನ್ನಬೇಕು. ನಡೆಯುವವರಿಗೂ ಅಲ್ಲೊಂದು ಮರ್ಯಾದೆಯಿದೆ. ಎದುರಾದವರಿಗೆ ಮಧ್ಯಾಹ್ನದವರೆಗೆ ಬೊಂಜೂ, ಆಮೇಲೆ ಬೊನ್ಸ್ವಾ ಎನ್ನದೆ ದಾಟಿದರೆ ಅದು ಒರಟುತನ. ಕೇಳದೆ ಕ್ಯಾಮೆರಾ ಎತ್ತಿದರೆ ಜನ ಸಿಟ್ಟಾಗುತ್ತಾರೆ. ಆ ಸಿಟ್ಟಿಗೆ ಕಾರಣವಿದೆ. ಬುಟ್ಟಿ ಹೊತ್ತ ಹೆಂಗಸು, ಬರಿಗಾಲ ಮಗು, ಕುಸಿದ ಗೋಡೆ, ಹೀಗೆ ತಮ್ಮ ಬಡತನ ಎಷ್ಟು ಬಾರಿ ಹೊರಗಿನವರ ದೇಣಿಗೆ ಪತ್ರದ ಮೇಲೆ ಅಚ್ಚಾಗಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

2010ರ ಜನವರಿ 12ರ ಭೂಕಂಪ ಇದನ್ನು ಇನ್ನಷ್ಟು ತೀಕ್ಷ್ಣಗೊಳಿಸಿತು. 7.0 ತೀವ್ರತೆಯ ಆ ಕಂಪನದ ಕೇಂದ್ರ ಜಾಕ್‌ಮೆಲ್‌ಗೆ ಹೋಗುವ ದಾರಿಯಲ್ಲೇ ಇರುವ ಲಿಯೋಗಾನ್ ಬಳಿ. ಊರಿನಲ್ಲಿ ನೂರಾರು ಜನ ಸತ್ತರು, ಕೆಥೆಡ್ರಲ್ ಬಿರಿಯಿತು, ಹಳೆಯ ಮನೆಗಳು ಕುಸಿದವು, ರಸ್ತೆಗೆ ಭೂಕುಸಿತ ಅಡ್ಡಬಿತ್ತು. ಮೊದಲ ದಿನಗಳಲ್ಲಿ ಊರಿನ ಸುದ್ದಿ ಜಗತ್ತಿಗೆ ಮುಟ್ಟಿದ್ದು ಊರಿನದೇ ಸಿನಿಮಾ ಶಾಲೆಯ ವಿದ್ಯಾರ್ಥಿಗಳ ಕ್ಯಾಮೆರಾಗಳಿಂದ. ಅವಶೇಷಗಳಿಂದ ಕ್ಯಾಮೆರಾ ಹೆಕ್ಕಿ ಚಿತ್ರೀಕರಿಸಿದವರು ಅವರು. ಆ ವರ್ಷ ಕಾರ್ನಿವಲ್ ನಡೆಯಲಿಲ್ಲ. ಕೆನಡಾದ ಸೈನಿಕರು ಇಳಿದು ಸಣ್ಣ ವಿಮಾನ ನಿಲ್ದಾಣವನ್ನು ದೊಡ್ಡ ವಿಮಾನಗಳಿಗೆ ಸಜ್ಜುಗೊಳಿಸಿದರು. ಬೆನ್ನಲ್ಲೇ ಬಗೆಬಗೆಯ ನೆರವು ತಂಡಗಳು ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ಮಧ್ಯ ಹೈಟಿಯ ಶಾಂತಿಪಾಲನಾ ಶಿಬಿರವೊಂದರಿಂದ ಹೊಳೆಗೆ ಸೇರಿದ ಕಾಲರಾ ಸುಮಾರು 10,000 ಜನರನ್ನು ಕೊಂದಿತು. ತನ್ನ ಪಾತ್ರವನ್ನು ವಿಶ್ವಸಂಸ್ಥೆ ಒಪ್ಪಿಕೊಂಡದ್ದು 2016ರಲ್ಲಿ. 2004ರಿಂದ 2017ರವರೆಗೆ ನಡೆದ ಆ ಶಾಂತಿಪಾಲನಾ ಕಾರ್ಯಾಚರಣೆಯಲ್ಲಿ ಭಾರತದ ಪೊಲೀಸ್ ತುಕಡಿಗಳೂ ಇದ್ದವು. ಕಾಲರಾ ಪ್ರಕರಣಕ್ಕೂ ಅವುಗಳಿಗೂ ಸಂಬಂಧವಿಲ್ಲ. ಒಟ್ಟಿನಲ್ಲಿ ಹೈಟಿಯ ಬೀದಿಯಲ್ಲಿ ನಡೆಯುವ ವಿದೇಶಿ, ತಾನು ಬರಿಯ ಪ್ರವಾಸಿ ಎಂದುಕೊಂಡರೂ, ಈ ಸಾಲಿನ ಕೊನೆಯವನಾಗಿಯೇ ಜನರ ಕಣ್ಣಿಗೆ ಬೀಳುತ್ತಾನೆ.

ಮಾರ್ಟಿಸಾಂನಲ್ಲಿ ಬಿಗಿದ ಕುಣಿಕೆ

ಪೋರ್ಟ್ ಔ ಪ್ರಿನ್ಸ್‌ನಿಂದ ದಕ್ಷಿಣದ ನಾಲ್ಕು ಪ್ರಾಂತ್ಯಗಳಿಗೆ ಹೋಗುವ ಹೆದ್ದಾರಿ ಮಾರ್ಟಿಸಾಂ ಎಂಬ ಕಡಲಂಚಿನ ಬಡ ಬಡಾವಣೆಯನ್ನು ದಾಟಲೇಬೇಕು. 2021ರ ಜೂನ್‌ನಲ್ಲಿ ಶಸ್ತ್ರಸಜ್ಜಿತ ಗುಂಪುಗಳು ಆ ಕೆಲವೇ ಕಿಲೋಮೀಟರನ್ನು ವಶಪಡಿಸಿಕೊಂಡವು. ಮುಂದಿನ ತಿಂಗಳು ದೇಶದ ಅಧ್ಯಕ್ಷರ ಹತ್ಯೆಯಾಯಿತು. ಇದೆಲ್ಲ ಏಕಾಏಕಿ ಮೊಳೆತದ್ದಲ್ಲ. ವೆನೆಜುವೆಲಾ ಅಗ್ಗದ ಸಾಲದಲ್ಲಿ ಕೊಟ್ಟ ತೈಲದ ಹಣ ಎಲ್ಲಿ ಹೋಯಿತೆಂದು ಕೇಳಿ 2018ರಲ್ಲಿ ಜನ ಬೀದಿಗಿಳಿದಿದ್ದರು. ಇನ್ನೂರು ವರ್ಷ ಹಿಂದೆ ಆ ವಿಮೋಚಕ ಸೇನಾನಿಗೆ ಹೈಟಿ ಕೊಟ್ಟ ಬಂದೂಕುಗಳ ಋಣದ ಮಾತಾಡಿ ಆ ದೇಶ ಕೊಟ್ಟ ನೆರವು ಹೈಟಿಯ ಆಳುವವರ ಕೈಯಲ್ಲಿ ಕರಗಿತ್ತು. ಚುನಾವಣೆಗೂ ಬೆದರಿಕೆಗೂ ರಾಜಕಾರಣಿಗಳು, ಉದ್ಯಮಿಗಳು ಸಾಕಿಕೊಂಡಿದ್ದ ಗುಂಪುಗಳು ಆಮೇಲೆ ಯಜಮಾನರನ್ನೇ ಲೆಕ್ಕಿಸದಷ್ಟು ಬಲಿತವು. ಬಂದೂಕು ಹೈಟಿಯಲ್ಲಿ ತಯಾರಾಗುವುದಿಲ್ಲ. ಹೆಚ್ಚಿನವು ಅಮೆರಿಕದಿಂದ ಕಳ್ಳಸಾಗಣೆಯಲ್ಲಿ ಬರುತ್ತವೆ.

ಜಾಕ್‌ಮೆಲ್‌ನ ಬೀದಿಯಲ್ಲಿ ಇದರ ಪರಿಣಾಮ ಗುಂಡಿನ ಸದ್ದಾಗಿ ಬಂದದ್ದಕ್ಕಿಂತ ಬೆಲೆಯಾಗಿ ಬಂತು. ರಾಜಧಾನಿಯಿಂದ ಬರುವ ಇಂಧನ, ಅಕ್ಕಿ, ಔಷಧ ದುಬಾರಿಯಾದವು. ಗುಡ್ಡದ ತರಕಾರಿ ರಾಜಧಾನಿಗೆ ಹೋಗದೆ ಕೊಳೆಯಿತು. ಮದಾನ್ ಸಾರಾಗಳು ದಾರಿಯಲ್ಲಿ ಗುಂಪುಗಳಿಗೆ ಸುಂಕ ತೆತ್ತರು, ಕೆಲವೊಮ್ಮೆ ಸರಕನ್ನೇ ಕಳೆದುಕೊಂಡರು. ಬದಲಿಗೆ ಹುಡುಕಿದ್ದು ಕಡಲ ದೋಣಿ, ಸಣ್ಣ ವಿಮಾನ, ಬೆಟ್ಟದ ಕಚ್ಚಾ ದಾರಿ. 2025ರ ಆರಂಭದಲ್ಲಿ ಗುಂಪುಗಳು ರಾಜಧಾನಿಯ ಮೇಲ್ಭಾಗದ ಕೆನ್‌ಸ್ಕಾಫ್ ಮೇಲೂ ದಾಳಿ ಮಾಡಿದಾಗ ಬೆಟ್ಟದ ದಾರಿಯೂ ಅಭದ್ರವಾಯಿತು. 2024ರ ನವೆಂಬರಿನಲ್ಲಿ ವಿಮಾನಗಳಿಗೆ ಗುಂಡು ತಗುಲಿದ ಮೇಲೆ ಅಮೆರಿಕ ತನ್ನ ವಿಮಾನಗಳು ಪೋರ್ಟ್ ಔ ಪ್ರಿನ್ಸ್‌ಗೆ ಹಾರದಂತೆ ತಡೆಯಿತು. 2025ರ ಮಧ್ಯದ ವೇಳೆಗೆ ದೇಶದೊಳಗೇ ನೆಲೆ ತಪ್ಪಿದವರ ಸಂಖ್ಯೆ 13 ಲಕ್ಷ ತಲುಪಿತು. ಅವರಲ್ಲಿ ಬಹಳ ಮಂದಿ ಸೇರಿದ್ದು ಸರ್ಕಾರಿ ಶಿಬಿರಗಳನ್ನಲ್ಲ; ಪ್ರಾಂತ್ಯಗಳಲ್ಲಿರುವ ನೆಂಟರ ಮನೆಗಳನ್ನು. ಪ್ರವಾಸಿಗಳು ಬಾರದ ಊರುಗಳಿಗೆ ಈಗ ಬರುತ್ತಿರುವುದು ನಿರಾಶ್ರಿತರು.

ಭಾರತದಿಂದ ನೋಡಿದರೂ ಹೈಟಿ ದೂರದ ದೇಶವೇ. ನಮ್ಮ ರಾಯಭಾರ ಕಚೇರಿ ಅಲ್ಲಿಲ್ಲ. ನೆರೆಯ ಡೊಮಿನಿಕನ್ ಗಣರಾಜ್ಯದಿಂದ ವ್ಯವಹಾರ ನಡೆಯುತ್ತದೆ. 2024ರ ಮಾರ್ಚ್‌ನಲ್ಲಿ 12 ಭಾರತೀಯರನ್ನು ಹೆಲಿಕಾಪ್ಟರಿನಲ್ಲಿ ಆ ದೇಶಕ್ಕೆ ಕರೆತಂದ ಕಾರ್ಯಾಚರಣೆಗೆ ಸರ್ಕಾರ ಇಂದ್ರಾವತಿ ಎಂದು ಹೆಸರಿಟ್ಟಿತ್ತು.

ಹೋಗಬೇಕೆ ಎಂಬ ಪ್ರಶ್ನೆ

ಇಂಥ ಊರಿಗೆ ಹೊರಗಿನವರು ಹೋಗಬೇಕೆ ಎಂಬುದರ ಬಗ್ಗೆ ಎರಡು ವಾದಗಳಿವೆ. ಮೊದಲನೆಯದು, ಇಡೀ ಹೈಟಿಗೆ ಹೋಗಬೇಡಿ ಎಂಬ ವಿದೇಶಾಂಗ ಎಚ್ಚರಿಕೆಗಳು ಶಾಂತವಾಗಿರುವ ಊರುಗಳನ್ನೂ ಕೊಲ್ಲುತ್ತಿವೆ ಎಂಬುದು. ಮುಖವಾಡ ಮಾಡುವವರ ಬದುಕು ಕೊಳ್ಳುವವರ ಮೇಲೆ ನಿಂತಿದೆ. ಕೊಳ್ಳುವವರು ಬಾರದಿದ್ದರೆ ಹೊಸ ತಲೆಮಾರು ಗಂಜಿಗೆ ಕೈ ಹಾಕದೆ ವೀಸಾ ಅರ್ಜಿ ತುಂಬುತ್ತದೆ. ಜಾಕ್‌ಮೆಲ್‌ನವರು ಬಹುಕಾಲದಿಂದ ಹೇಳುತ್ತಿರುವ ಮಾತು ಇದೇ: ರಾಜಧಾನಿಯ ಗುಂಡಿಗೆ ನಮ್ಮ ಬೀದಿ ಏಕೆ ದಂಡ ತೆರಬೇಕು? ಎರಡನೆಯ ವಾದವೂ ಹಗುರವಾದುದಲ್ಲ. ಎಚ್ಚರಿಕೆ ಬರೆಯುವವರು ಊರನ್ನು ಮಾತ್ರ ನೋಡುವಂತಿಲ್ಲ. ಊರು ತಲುಪುವ ದಾರಿ, ಕಾಯಿಲೆ ಬಿದ್ದರೆ ಆಸ್ಪತ್ರೆ, ಅಪಾಯವಾದರೆ ಹೊರತರುವ ಬಗೆ ಎಲ್ಲವನ್ನೂ ನೋಡಬೇಕು. ಅಪಹರಣವೇ ಉದ್ಯಮವಾಗಿರುವ ದೇಶದಲ್ಲಿ ಒಬ್ಬ ವಿದೇಶಿಯ ಸಾಹಸ ಅವನ ಚಾಲಕ, ಮಾರ್ಗದರ್ಶಿ, ಆತಿಥೇಯರ ಪ್ರಾಣವನ್ನೂ ಪಣಕ್ಕಿಡುತ್ತದೆ. ಅಪಾಯದ ದೇಶ ಸುತ್ತಿ ವಿಡಿಯೊ ಮಾಡಿ ಹೆಸರು ಗಳಿಸುವ ಚಟ ಬೆಳೆದಿರುವ ಈ ದಿನಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ಎರಡನ್ನೂ ತೂಗಿದರೆ, ಎಚ್ಚರಿಕೆ ದಾರಿಯ ಮಟ್ಟಿಗೆ ಸರಿ, ಊರಿನ ಚಿತ್ರಣವಾಗಿ ತಪ್ಪು ಎನ್ನಬೇಕಾಗುತ್ತದೆ. ಇಂದಿನ ಸ್ಥಿತಿಯಲ್ಲಿ ಕುತೂಹಲಕ್ಕೆ ಹೊರಡುವ ಪ್ರಯಾಣವನ್ನು ಸಮರ್ಥಿಸುವುದು ಕಷ್ಟ. ಆದರೆ ಪ್ರವಾಸಿಗಳು ಮರಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಇತಿಹಾಸ ಬೆಂಬಲಿಸುವುದಿಲ್ಲ. ಒಂದೇ ಬೆಳೆ ನಂಬಿ ಊರು ಒಮ್ಮೆ ಸೋತಿದೆ. ಒಂದೇ ರಸ್ತೆ ನಂಬಿ ಎರಡನೆಯ ಸಲ ಸೋತಿದೆ. ವಿಮಾನದಲ್ಲಿ ಬಂದು ಹೋಗುವ ಗಿರಾಕಿಯನ್ನೇ ನಂಬುವುದು ಮೂರನೆಯ ಪ್ರಯೋಗವಾದೀತು. ಸ್ವಂತ ಬಂದರಿಗೆ ಸಣ್ಣ ಸರಕು ಹಡಗುಗಳು ಬರುವಂತಾಗುವುದು, ಸುಂಕದ ಪಾಲು ಪ್ರಾಂತ್ಯದಲ್ಲೇ ಉಳಿಯುವುದು, ಬಿರುಕು ಬಿಟ್ಟ ಮೊಗಸಾಲೆಗಳನ್ನು ದುರಸ್ತಿ ಮಾಡಬಲ್ಲ ಗಾರೆ ಕಬ್ಬಿಣ ಕೆಲಸದವರನ್ನು ಊರಿನಲ್ಲೇ ತಯಾರು ಮಾಡುವುದು, ಇವು ಕೈಪಿಡಿಗಳಲ್ಲಿ ಅಚ್ಚಾಗುವ ಯೋಜನೆಗಳಲ್ಲ. ಆದರೂ ಹಳೆಯ ಪೇಟೆ ಮುಂದಿನ ಚಂಡಮಾರುತಕ್ಕೆ ನಿಲ್ಲುವುದೋ ಇಲ್ಲವೋ ಎಂಬುದು ಇವುಗಳ ಮೇಲೆಯೇ ಹೆಚ್ಚು ನಿಂತಿದೆ.

ವಿಶ್ವಸಂಸ್ಥೆಯ ಅನುಮತಿಯಿಂದ 2024ರಲ್ಲಿ ಬಂದಿಳಿದ ವಿದೇಶಿ ಪೊಲೀಸ್ ಪಡೆಗೆ ಜನವೂ ಹಣವೂ ಸಾಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಬದಲಿಗೆ ಇನ್ನೂ ದೊಡ್ಡ ಪಡೆಗೆ ಒಪ್ಪಿಗೆ ದೊರೆತಿದೆ. ಅದರ ಯಶಸ್ಸನ್ನು ಎಷ್ಟು ಗುಂಪಿನ ನಾಯಕರು ಸತ್ತರು ಎಂಬುದರಿಂದ ಅಳೆಯುವವರು ಇರುತ್ತಾರೆ. ದಕ್ಷಿಣದ ಊರುಗಳ ಅಳತೆಗೋಲು ಬೇರೆ: ಮಾರ್ಟಿಸಾಂ ದಾಟಿ ಬಂದ ಬಾಳೆಯ ಲಾರಿ ದಾರಿಯಲ್ಲಿ ಯಾರಿಗೂ ದುಡ್ಡು ಕೊಡದೆ ಸಂತೆ ಸೇರಿತೇ ಎಂಬುದು. ಆ ಲಾರಿ ಓಡಲು ಶುರುವಾದರೆ, ಅದರ ಹಿಂದೆ ಮೊದಲು ಬರುವವರು ಮಾಂಟ್ರಿಯಲ್, ಮಯಾಮಿಗಳಿಂದ ಕಾರ್ನಿವಲ್‌ಗೆ ಮನೆಗೆ ಮರಳುವ ಜಾಕ್‌ಮೆಲ್‌ನ ಮಕ್ಕಳೇ. ಬೀದಿ ನೋಡಲು ಬರುವ ಅಪರಿಚಿತರ ಸರದಿ ಅವರ ನಂತರದ್ದು.